ಹಳೆ ಜೆಟ್ ಸ್ಕೀ: ಕಾರ್ಬುರೇಟರೋ, ಇಂಜೆಕ್ಷನ್ನೋ?

ಮೇ ಮುಗಿಯುವ ಹೊತ್ತಿಗೆ ಕಲಂಗುಟ್, ಬಾಗಾ, ಕೋಲ್ವಾದ ಜೆಟ್ ಸ್ಕೀಗಳು ದಡ ಸೇರಿ ತಾಡಪತ್ರಿ ಹೊದ್ದು ಕೂರುತ್ತವೆ. ಮತ್ತೆ ನೀರಿಗಿಳಿಯುವುದು ಮಳೆ ಹಿಂದೆ ಸರಿದ ಮೇಲೆ. ಗೋವಾದಲ್ಲಿ ಹಳೆ ಯಂತ್ರ ಕೊಳ್ಳುವ ನಮ್ಮವರು ಹಾರ್ಸ್‌ಪವರ್ ಕೇಳುವ ಮೊದಲು ಈ ನಾಲ್ಕು ತಿಂಗಳ ಲೆಕ್ಕ ಹಾಕಬೇಕು. ಉಪ್ಪು ಗಾಳಿ, ತೇವ, ಟ್ಯಾಂಕಿನ ತಳದಲ್ಲಿ ಉಳಿದ ಇ20 (ಶೇ 20 ಎಥನಾಲ್ ಬೆರೆತ) ಪೆಟ್ರೋಲು, ಇವು ಮೂರೂ ಗಾಳಿಯ ಎಳೆತಕ್ಕೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರನ್ನು ಕೆಡಿಸುವ ದಾರಿಯೇ ಬೇರೆ, ಕಂಪ್ಯೂಟರಿನ ಅಳತೆಯಂತೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ನನ್ನು ಕೆಡಿಸುವ ದಾರಿಯೇ ಬೇರೆ.

ಮೊದಲು ಸೀಟು ಎತ್ತಿ ನೋಡಿ. 90ರ ದಶಕದ ಟೂ ಸ್ಟ್ರೋಕ್‌ಗಳಲ್ಲಿ ಬಹುಪಾಲು ಕಾರ್ಬುರೇಟರಿನವೇ. ಫೋರ್ ಸ್ಟ್ರೋಕ್ ಅಂದರೆ ಇಂಜೆಕ್ಷನ್ ಎಂದು ತಿಳಿದು ಮೋಸ ಹೋಗುವವರಿದ್ದಾರೆ. 2002ರ ಸೀ-ಡೂ ಜಿಟಿಎಕ್ಸ್ 4-ಟೆಕ್‌ನಲ್ಲಿ ಇಂಜೆಕ್ಷನ್ ಇದೆ. ಅದೇ ವರ್ಷದ ಯಮಹಾ ಎಫ್‌ಎಕ್ಸ್140 ಫೋರ್ ಸ್ಟ್ರೋಕೇ ಆದರೂ ಅದರಲ್ಲಿರುವುದು ಕಾರ್ಬುರೇಟರ್, ಅದೂ ಒಂದಲ್ಲ, ನಾಲ್ಕು. ನಾಲ್ಕನ್ನೂ ಬಿಚ್ಚಿ ತೊಳೆದು ಒಂದೇ ತಾಳಕ್ಕೆ ತರುವ ಕೂಲಿ ಎಷ್ಟೆಂದು ಕೇಳಿಕೊಂಡೇ ಬೆಲೆ ಮಾತಾಡಿ.

ಜೆಟ್ ಸ್ಕೀಯ ಟೂ ಸ್ಟ್ರೋಕ್ ಕಾರ್ಬುರೇಟರ್ ಬೈಕಿನದರಂತಲ್ಲ. ಯಂತ್ರ ಅಲೆಯ ಮೇಲೆ ಕುಣಿಯುವುದರಿಂದ ಇದರಲ್ಲಿ ಪೆಟ್ರೋಲ್ ಮಟ್ಟ ಕಾಯುವ ತೇಲುಗುಂಡು, ಅಂದರೆ ಫ್ಲೋಟ್ ಇರುವುದಿಲ್ಲ, ರಬ್ಬರ್ ಡಯಾಫ್ರಾಮ್ (ತೆಳು ಪೊರೆ) ಆ ಕೆಲಸ ಮಾಡುತ್ತದೆ. ಮಿಕುನಿ ಎಸ್‌ಬಿಎನ್‌ನಲ್ಲಿ ಪೆಟ್ರೋಲ್ ಪಂಪೂ ಕಾರ್ಬುರೇಟರಿನೊಳಗೇ ಕೂತಿರುತ್ತದೆ, ಕ್ರ್ಯಾಂಕ್‌ಕೇಸಿನ ಒತ್ತಡದ ಬಡಿತ ಒಂದು ಸಣ್ಣ ಪೈಪಿನಲ್ಲಿ ಬಂದು ಅದನ್ನು ನಡೆಸುತ್ತದೆ. ಈ ಪೈಪು ಬಿರಿದರೂ ಸಾಕು, ಕಾರ್ಬುರೇಟರ್ ಎಷ್ಟು ತೊಳೆದರೂ ಗಾಡಿ ಎಳೆಯುವುದಿಲ್ಲ.

ಡಯಾಫ್ರಾಮ್ ಗಟ್ಟಿಯಾದರೆ, ಒಳಗಿನ ಪುಟ್ಟ ಜಾಲರಿ ಕಟ್ಟಿಕೊಂಡರೆ, ಪೆಟ್ರೋಲ್ ಕಮ್ಮಿಯಾಗಿ ಗಾಳಿ ಹೆಚ್ಚುತ್ತದೆ. ಟೂ ಸ್ಟ್ರೋಕ್‌ನಲ್ಲಿ ಅದರ ಮುಂದಿನ ಹೆಜ್ಜೆ ಪಿಸ್ಟನ್ ಸೀಜ್, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುವುದು. ರೇಸ್ ಕೊಟ್ಟ ಕೂಡಲೇ ಒಂದು ಕ್ಷಣ ಉಸಿರು ಕಟ್ಟಿದಂತಾಗಿ ಆಮೇಲೆ ಓಡಿದರೆ ನಂಬಬೇಡಿ. 90ರ ದಶಕದ ಸೀ-ಡೂ ಆದರೆ ಬೂದು ಬಣ್ಣದ ಪೆಟ್ರೋಲ್ ಪೈಪು ಹುಡುಕಿ. ಅದು ಒಳಗಿಂದ ಕರಗಿ ಹಸಿರು ಅಂಟಾಗಿ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಅಂಥದ್ದು ಕಂಡರೆ ಒಂದಿಂಚೂ ಬಿಡದೆ ಎಲ್ಲ ಪೈಪು ಬದಲಿಸಿ, ಟ್ಯಾಂಕ್–ರಿಸರ್ವ್ ನಲ್ಲಿಯನ್ನೂ ಬಿಚ್ಚಿ ತೊಳೆಯಿರಿ. ಬರೀ ಕಾರ್ಬುರೇಟರ್ ತೊಳೆದು ಕೊಟ್ಟವನು ಮುಂದಿನ ತಿಂಗಳ ಸೀಜ್‌ಗೆ ಮುಂಗಡ ಕೊಟ್ಟ ಹಾಗೆ. ಕಾರ್ಬುರೇಟರಿನ ರಿಪೇರಿ ಕಿಟ್ ಕೊಳ್ಳುವಾಗ ಅಸಲಿ ಮಿಕುನಿಯೇ ಬೇಕು, ನಕಲಿ ಕಿಟ್ಟಿನ ಸೂಜಿ ಸೀಟಿಗೆ ಸರಿಯಾಗಿ ಕೂರದೆ ಸೋರುತ್ತದೆ. ಜೋಡಿಸಿದ ಮೇಲೆ ಗೇಜಿರುವ ಕೈಪಂಪಿನಿಂದ ಪಾಪ್-ಆಫ್ ಒತ್ತಡ, ಅಂದರೆ ಸೂಜಿ ಸೀಟಿನಿಂದ ಮೇಲೇಳುವ ಒತ್ತಡ ನೋಡಿ, ಆ ಮಾಡೆಲ್ಲಿನ ಮ್ಯಾನ್ಯುಯಲ್‌ನ ಅಂಕಿಗೆ ಹೊಂದಿಸಿ. ಇಷ್ಟೆಲ್ಲ ಕೆಲಸ ಸ್ಕ್ರೂಡ್ರೈವರ್ ಹಿಡಿಯಬಲ್ಲವನ ಕೈಯಲ್ಲಿ ಆಗುವಂಥದ್ದೇ.

ಇಂಜೆಕ್ಷನ್ ಹಾಗಲ್ಲ. ಚೆನ್ನಾಗಿದ್ದಾಗ ಒಂದೇ ಗುಂಡಿಗೆ ಶುರು, ಪೆಟ್ರೋಲ್ ಉಳಿತಾಯ, ಹೊಗೆಯಿಲ್ಲ. ಕೆಟ್ಟಾಗ ಲ್ಯಾಪ್‌ಟಾಪ್ ಇರುವವನು ಬೇಕು. ಸೀ-ಡೂಗೆ ಬಡ್ಸ್, ಯಮಹಾಗೆ ವೈಡಿಎಸ್ ಸಾಫ್ಟ್‌ವೇರ್. ಆದರೂ ಅರ್ಧ ತೊಂದರೆ ಲ್ಯಾಪ್‌ಟಾಪಿಲ್ಲದೆ ಹಿಡಿಯಬಹುದು. ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟ್ ತೋರಿಸಬೇಕು, ಸ್ಟಾರ್ಟರ್ ತಿರುಗುವಾಗ 10ಕ್ಕಿಂತ ಕೆಳಗಿಳಿದರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ತಡವರಿಸುತ್ತದೆ. ಕನೆಕ್ಟರ್‌ಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ: ಪಿನ್ನಿನ ಮೇಲೆ ಹಸಿರು ಪುಡಿ ಕಂಡರೆ ಸೆನ್ಸರ್ ಬದಲಿಸುವ ಮೊದಲು ಅದನ್ನು ತೊಳೆದು ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ. ಇನ್ನೊಂದು ಎಚ್ಚರ. ಈ ಪೈಪುಗಳಲ್ಲಿ ಪೆಟ್ರೋಲ್ ಸಾಮಾನ್ಯವಾಗಿ 45ರಿಂದ 60 ಪಿಎಸ್‌ಐ ಒತ್ತಡದಲ್ಲಿರುತ್ತದೆ. ಸ್ಕೂಟರಿನ ಪೈಪು, ಬಿಗಿಯುವ ಮಾಮೂಲಿ ಕ್ಲಿಪ್ಪು ಹಾಕಿದರೆ ಯಂತ್ರದ ಮುಚ್ಚಿದ ಒಡಲೊಳಗೆ ಪೆಟ್ರೋಲ್ ಸಿಂಪಡಿಸಿದಂತಾಗುತ್ತದೆ. ಕಿಡಿಯೊಂದು ಸಾಕು. ಯಾವ ಎಂಜಿನ್ ಆಗಲಿ, ಶುರು ಮಾಡುವ ಮೊದಲು ಸೀಟು ತೆಗೆದು ಐದು ನಿಮಿಷ ಗಾಳಿಯಾಡಲು ಬಿಡಿ, ವಾಸನೆ ನೋಡಿ.

ಇಂಜೆಕ್ಷನ್ ಇದ್ದರೆ ಇ20ರ ಚಿಂತೆಯಿಲ್ಲ ಎನ್ನುವುದು ಕಾರಿನ ಮಾತು. ಪೂರ್ತಿ ಉರಿಯಲು ಒಂದು ಭಾಗ ಬರೀ ಪೆಟ್ರೋಲಿಗೆ 14.7 ಭಾಗ ಗಾಳಿ ಬೇಕು, ಇ20ಕ್ಕೆ ಸುಮಾರು 13.5 ಸಾಕು. ಅಂದರೆ ಬರೀ ಪೆಟ್ರೋಲಿನ ಅಳತೆಯಲ್ಲೇ ಇ20 ಬಿಟ್ಟರೆ ಗಾಳಿ ಹೆಚ್ಚಾಗುತ್ತದೆ. ಕಾರು ಆಕ್ಸಿಜನ್ ಸೆನ್ಸರಿನಿಂದ ಇದನ್ನು ಸರಿದೂಗಿಸುತ್ತದೆ. ಜೆಟ್ ಸ್ಕೀಯ ಎಕ್ಸಾಸ್ಟಿನೊಳಗೆ ನೀರು ಹರಿಯುವುದರಿಂದ ಹಳೆಯವುಗಳಲ್ಲಿ ಸಾಮಾನ್ಯವಾಗಿ ಆ ಸೆನ್ಸರೇ ಇಲ್ಲ. ಕಾರ್ಬುರೇಟರಿನಲ್ಲಾದರೆ ಹೈ-ಸ್ಪೀಡ್ ಸ್ಕ್ರೂ ಸ್ವಲ್ಪ ಬಿಡಿಸಿ ಪ್ಲಗ್ ಬಣ್ಣ ನೋಡಬಹುದು, ಇಲ್ಲಿ ಅದೂ ಇಲ್ಲ. ಹಾಗಂತ ಕಾರ್ಬುರೇಟರಿಗೆ ಪೂರ್ತಿ ಗೆಲುವೂ ಅಲ್ಲ: ಎಥನಾಲ್ ನೀರು ಹೀರಿ ಬೇರ್ಪಟ್ಟು ತಳಕ್ಕಿಳಿದರೆ, ಪೆಟ್ರೋಲಿಗೇ 50:1ರಂತೆ ಆಯಿಲ್ ಬೆರೆಸಿ ಓಡಿಸುವ ಹಳೆ ಟೂ ಸ್ಟ್ರೋಕ್ ಯಮಹಾ ಸೂಪರ್‌ಜೆಟ್‌ನಂಥವು ಮೊದಲು ಎಳೆಯುವುದು ಆಯಿಲ್ ಇಲ್ಲದ ಆ ತಳದ ನೀರನ್ನೇ.

ಮಳೆಗಾಲಕ್ಕೆ ಯಂತ್ರ ಕಟ್ಟಿಡುವುದೂ ಎರಡಕ್ಕೂ ಒಂದೇ ತರಹ ಅಲ್ಲ. ಕಾರ್ಬುರೇಟರಿನದ್ದಾದರೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ಒಳಗೆ ತುಕ್ಕು ತಡೆಯುವ ಫಾಗಿಂಗ್ ಆಯಿಲ್ ಸಿಂಪಡಿಸುತ್ತಾ ಎಂಜಿನ್ ತಾನಾಗಿ ನಿಲ್ಲುವವರೆಗೆ ಬಿಡಿ. ಇಂಜೆಕ್ಷನ್ನಿನದ್ದಾದರೆ ಟ್ಯಾಂಕ್ ತುಂಬಿ, ಪೆಟ್ರೋಲ್ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಬೆರೆಸಿ, ಅದು ಇಂಜೆಕ್ಟರ್‌ವರೆಗೆ ತಲುಪುವಂತೆ ಸ್ವಲ್ಪ ಹೊತ್ತು ಓಡಿಸಿ. ಖಾಲಿ ಟ್ಯಾಂಕಿನೊಳಗೆ ಪಂಪ್ ತುಕ್ಕು ಹಿಡಿಯುತ್ತದೆ. ಎರಡಕ್ಕೂ ಸಿಹಿನೀರಿನ ತೊಳೆತ ಬೇಕು. ಶುರು ಮಾಡುವಾಗ ಮೊದಲು ಎಂಜಿನ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಎಂಜಿನ್. ತಿರುವುಮುರುವಾದರೆ ಎಕ್ಸಾಸ್ಟಿನಿಂದ ನೀರು ಸಿಲಿಂಡರಿಗೆ ನುಗ್ಗುತ್ತದೆ.

ರಿಪೇರಿ ಸ್ವಂತ ಕೈಯಿಂದ ಮಾಡಿಕೊಂಡು ವಾರಕ್ಕೊಮ್ಮೆ ಓಡಿಸುವವರಿಗೆ ಎರಡು ಸಿಲಿಂಡರಿನ ಕಾರ್ಬುರೇಟರ್ ಯಂತ್ರವೇ ಸರಿ. ಎರಡೂ ಸಿಲಿಂಡರಿನ ಕಂಪ್ರೆಶನ್ ನಡುವೆ ಶೇ 10ಕ್ಕಿಂತ ಹೆಚ್ಚು ಅಂತರ ಇರಬಾರದು. ದಿನವಿಡೀ ಬಾಡಿಗೆಗೆ ಓಡಬೇಕೆಂದರೆ ಯಮಹಾ ವಿಎಕ್ಸ್110ರಂಥ, ಸೂಪರ್‌ಚಾರ್ಜರ್ ಇಲ್ಲದ ಫೋರ್ ಸ್ಟ್ರೋಕ್ ಇಂಜೆಕ್ಷನ್. ಹಳೆಯ ಸೂಪರ್‌ಚಾರ್ಜ್ಡ್ ಸೀ-ಡೂಗಳ ಸೆರಾಮಿಕ್ ವಾಷರ್ ಪುಡಿಯಾಗಿ ಎಂಜಿನ್ನಿನೊಳಗೆ ಸೇರುತ್ತದೆ. ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ. 2000ದ ಆಸುಪಾಸಿನ ಟೂ ಸ್ಟ್ರೋಕ್ ಡೈರೆಕ್ಟ್ ಇಂಜೆಕ್ಷನ್, ಸೀ-ಡೂ ಆರ್‌ಎಕ್ಸ್ ಡಿಐ, ಪೊಲಾರಿಸ್ ಜೆನೆಸಿಸ್ ಎಫ್‌ಎಫ್‌ಐ, ಪುಕ್ಕಟೆ ಕೊಟ್ಟರೂ ಯೋಚಿಸಿ. ಡೆಸ್ (ಕಳ್ಳತನ ತಡೆಯುವ ಸಂಕೇತದ ಕೀ) ಇರುವ ಸೀ-ಡೂ ಆದರೆ, ಹಣ ಕೊಡುವ ಮೊದಲು ಆ ಕೀ ಕೈಗೆ ಬಂದಿದೆಯೇ, ಸಿಕ್ಕಿಸಿದಾಗ ಎರಡು ಬೀಪ್ ಕೇಳಿಸಿತೇ ನೋಡಿ.