ಗಾರೆಯ ಚಪ್ಪರ, ಬಲ್ಬಿನ ನಕ್ಷತ್ರ

ಅಟ್ಲಾಂಟಾದಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ ಒಂದು ದಿನ ಅವಳು ಫಾಕ್ಸ್ ಥಿಯೇಟರ್ ನೋಡೋಣ ಅಂದಳು. "ಯಾವ ಪಿಕ್ಚರ್ ಇದೆ?" ಅಂತ ಭಾವ ಕೇಳಿದರು. ಪಿಕ್ಚರ್ ಇಲ್ಲ, ಕಟ್ಟಡ ತೋರಿಸ್ತಾರೆ ಅಂದಾಗ ಅವರ ಮುಖ ಸಪ್ಪಗಾಯಿತು. ಆದರೂ ಬಂದರು. ಭಾವ ಸಿವಿಲ್ ಎಂಜಿನಿಯರ್ ಆಗಿದ್ದವರು. ರಿಟೈರ್ ಆದರೂ ಗೋಡೆ ಕಂಡರೆ ಬೆರಳ ಗೆಣ್ಣಿನಿಂದ ತಟ್ಟಿ ನೋಡುವ ಚಾಳಿ ಬಿಟ್ಟಿಲ್ಲ.

ಪೀಚ್‌ಟ್ರೀ ಸ್ಟ್ರೀಟ್‌ನಲ್ಲಿ ಎತ್ತರದ ಕಟ್ಟಡಗಳ ನಡುವೆ ಇದೊಂದೇ ಬೇರೆ ಯಾವುದೋ ದೇಶದ್ದು ಅನ್ನಿಸುತ್ತದೆ. ಈರುಳ್ಳಿ ಆಕಾರದ ಗುಮ್ಮಟ, ಮಿನಾರು, ಪಟ್ಟೆ ಪಟ್ಟೆಯಾಗಿ ಜೋಡಿಸಿದ ಇಟ್ಟಿಗೆ. ಮಸೀದಿ ಅಂದುಕೊಂಡರೂ ಆಶ್ಚರ್ಯವಿಲ್ಲ. ಇದನ್ನು ಕಟ್ಟಿಸಲು ಹೊರಟವರು ಶ್ರೈನರ್ಸ್ ಎಂಬ ಸಂಘದ ಯಾರಾಬ್ ಟೆಂಪಲ್ ಶಾಖೆಯವರು. ಅವರಿಗೆ ಅರಬ್ ಶೈಲಿ ಅಂದರೆ ಒಂಥರಾ ಹುಚ್ಚು. ತಮ್ಮ ಸಂಘಕ್ಕೊಂದು ಭವನ ಅಂತ ಶುರು ಮಾಡಿದ್ದು ಕೈಮೀರಿ ಬೆಳೆಯಿತು, ದುಡ್ಡು ಸಾಲಲಿಲ್ಲ. ಕೊನೆಗೆ ದೊಡ್ಡ ಸಭಾಂಗಣವನ್ನು ಸಿನಿಮಾ ಉದ್ಯಮಿ ವಿಲಿಯಂ ಫಾಕ್ಸ್‌ಗೆ ಗುತ್ತಿಗೆ ಕೊಟ್ಟರು. ಬಾಗಿಲು ತೆರೆದದ್ದು 1929ರ ಡಿಸೆಂಬರ್ 25, ಕ್ರಿಸ್‌ಮಸ್ ದಿನ. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ನ್ಯೂಯಾರ್ಕಿನ ಶೇರುಪೇಟೆ ಮಕಾಡೆ ಮಲಗಿತ್ತು. ಎಂಥಾ ಗಳಿಗೆ ನೋಡಿ! ಮೂರು ವರ್ಷ ತುಂಬುವ ಮೊದಲೇ ಬೀಗ ಬಿತ್ತು. ಲಕ್ಷಗಟ್ಟಲೆ ಡಾಲರ್ ಸುರಿದು ಕಟ್ಟಿದ್ದು ಹರಾಜಿನಲ್ಲಿ 75,000 ಡಾಲರಿಗೆ ಹೋಯಿತು.

ಸಭಾಂಗಣದೊಳಗೆ ಹೋದರೆ ಮತ್ತೆ ಬಯಲಿಗೇ ಬಂದ ಹಾಗೆ. ಸುತ್ತ ಕೋಟೆಯ ಗೋಡೆ, ಮೇಲೆ ನೀಲಿ ಆಕಾಶ. ಅದರಲ್ಲಿ 96 ನಕ್ಷತ್ರಗಳು. ಹರಳಿನ ಹಿಂದೆ ಪುಟ್ಟ ಬಲ್ಬು, ಅಷ್ಟೇ. ಮೂರರಲ್ಲೊಂದು ಪಾಲು ಮಿನುಗುತ್ತವೆ, ಉಳಿದವು ಸುಮ್ನೆ ಉರಿಯುತ್ತವೆ. ನಾಲ್ಕೂವರೆ ಸಾವಿರಕ್ಕೂ ಜಾಸ್ತಿ ಜನ ಕೂರುವ ಜಾಗದಲ್ಲಿ ನಾವು ಬೆರಳೆಣಿಕೆಯ ಮಂದಿ ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಾ ನಿಂತಿದ್ದೆವು.

ಭಾವನ ಕಣ್ಣು ನಕ್ಷತ್ರದ ಮೇಲಿರಲಿಲ್ಲ. ಬಾಲ್ಕನಿಯ ಮೇಲೆ ಪಟ್ಟೆ ಪಟ್ಟೆಯ ದೊಡ್ಡ ಚಪ್ಪರವೊಂದಿದೆ, ಮರುಭೂಮಿಯ ಡೇರೆಯ ಹಾಗೆ. ನಡುವೆ ಜೋಲಿದೆ, ನೆರಿಗೆ ಬಿದ್ದಿದೆ, ಈಗ ಗಾಳಿ ಬೀಸಿದರೆ ಪಟಪಟ ಅನ್ನುತ್ತೆ ಅನ್ನುವಂತಿದೆ. "ಇಷ್ಟು ವರ್ಷ ಬಟ್ಟೆ ಹೇಗೆ ತಡೀತು?" ಅಂತ ಅವರು ಗೈಡನ್ನು ಕೇಳಿದರು. ಆಕೆ ಈ ಪ್ರಶ್ನೆಗೇ ಕಾಯುತ್ತಿದ್ದರು ಅನ್ನಿಸುತ್ತೆ. ಅದು ಬಟ್ಟೆಯೇ ಅಲ್ಲ. ಕಬ್ಬಿಣದ ಸರಳಿಗೆ ಹಿಡಿಸಿದ ಪ್ಲಾಸ್ಟರ್. ವೇದಿಕೆಯ ಸದ್ದು ಹಿಂದಿನ ಸಾಲುಗಳಿಗೂ ತಲುಪಲಿ ಅಂತ ಆ ಆಕಾರ. ಮರದ ತೊಲೆ ಅಂತ ಕಾಣುವುದೂ ಬಣ್ಣ ಬಳಿದ ಪ್ಲಾಸ್ಟರೇ. "ಗಾರೆ ಕಣಮ್ಮಾ! ಎಲ್ಲಾ ಗಾರೆ!" ಅಂತ ಭಾವ ನನ್ನ ಕಡೆ ತಿರುಗಿದರು. ಆಮೇಲೆ ಗೈಡ್ ಪಕ್ಕ ಬಿಟ್ಟು ಕದಲಲಿಲ್ಲ.

ಇಲ್ಲೇ ನನಗೊಂದು ವಿಷಯ ಹೊಳೆಯಿತು. ಈ ಕಟ್ಟಡದಲ್ಲಿ ಹಳೆಯದು ಅನ್ನುವಂಥದ್ದು ಯಾವುದೂ ನಿಜವಲ್ಲ. ಕೋಟೆ ಸುಳ್ಳು, ಆಕಾಶ ಸುಳ್ಳು, ಡೇರೆ ಸುಳ್ಳು. ಬಣ್ಣ ಎದ್ದರೆ ಸುಳ್ಳು ಮರವನ್ನು ಮತ್ತೆ ಮರದಂತೆ ಕಾಣಿಸಬೇಕು. ನಿಜವಾದ ಕೋಟೆ ಪಾಳು ಬಿದ್ದರೂ ಚೆಂದ. ಸುಳ್ಳಿನ ಕೋಟೆ ಪಾಳು ಬಿದ್ದರೆ ಬರೀ ಸಿಮೆಂಟು, ತಂತಿ. ಹಾಗಾಗಿ ಇದನ್ನು ಉಳಿಸುವುದೇ ಜಾಸ್ತಿ ಕಷ್ಟ.

ಉಳಿದದ್ದೂ ಕೂದಲೆಳೆಯಲ್ಲಿ. 1970ರ ದಶಕಕ್ಕೆ ಜನ ಹೊರವಲಯದ ಹೊಸ ಥಿಯೇಟರುಗಳಿಗೆ ಹೋಗಲು ಶುರು ಮಾಡಿದ್ದರು. 1974ರಲ್ಲಿ ಸದರ್ನ್ ಬೆಲ್ ಟೆಲಿಫೋನ್ ಕಂಪನಿ ತನ್ನ ಮುಖ್ಯ ಕಚೇರಿಗೆ ಈ ಜಾಗ ನೋಡಿತು. ಕಟ್ಟಡ ಒಡೆಯುವುದೇ ಅಂತ ಗೊತ್ತಾದಾಗ ಊರು ಎದ್ದು ನಿಂತಿತು. ಅಟ್ಲಾಂಟಾ ಲ್ಯಾಂಡ್‌ಮಾರ್ಕ್ಸ್ ಎಂಬ ಸಂಸ್ಥೆ ಹುಟ್ಟಿಕೊಂಡು, 1975ರಲ್ಲಿ 18 ಲಕ್ಷ ಡಾಲರ್ ಸಾಲ ಎತ್ತಿ ಥಿಯೇಟರನ್ನು ಕೊಂಡಿತು. ಕಂಪನಿಗೆ ಪಕ್ಕದ ಜಾಗ ಸಿಗುವಂತೆ ಒಪ್ಪಂದವಾಯಿತು. ಹಿಂದುಗಡೆ ಎದ್ದಿರುವ ಗೋಪುರ ಅದೇ. 1976ರ ಜುಲೈನಲ್ಲಿ ಲಿನರ್ಡ್ ಸ್ಕಿನರ್ಡ್ ಎಂಬ ರಾಕ್ ತಂಡ ಇಲ್ಲಿ ಹಾಡಿದ್ದೂ ಇದನ್ನು ಉಳಿಸುವ ಸಲುವಾಗಿ. 1978ಕ್ಕೆ ಸಾಲ ಪೂರ್ತಿ ತೀರಿತು, ಅದೂ ಗಡುವಿಗೆ ಮೊದಲೇ. ಸಾಲ ಬೇಗ ತೀರಿದ್ದು ಕೇಳಿ ಅಕ್ಕ "ಪರವಾಗಿಲ್ವೇ" ಅಂದಳು. ಮನೆಸಾಲ ಕಟ್ಟಿದವರಿಗೇ ಗೊತ್ತು ಅದರ ಬೆಲೆ.

ಇಲ್ಲಿನ ಆರ್ಗನ್ ವಾದ್ಯಕ್ಕೆ 3,622 ಕೊಳವೆಗಳಿವೆ. ವರ್ಷಗಟ್ಟಲೆ ಮೂಕಾಗಿದ್ದ ಅದನ್ನು 1963ರಲ್ಲಿ ರಿಪೇರಿ ಮಾಡಿದವರು ಜೋ ಪ್ಯಾಟನ್. ಮುಂದೆ ಅವರು ಈ ಕಟ್ಟಡದಲ್ಲೇ ಮನೆ ಮಾಡಿಕೊಂಡರು. 1996ರ ಏಪ್ರಿಲ್‌ನಲ್ಲಿ ಬೆಂಕಿ ಬಿದ್ದಾಗ, ಒಳಗೆ ಎಲ್ಲಿ ಏನಿದೆ ಅಂತ ಬಲ್ಲ ಅವರು ಅಲ್ಲೇ ಇದ್ದದ್ದು ಪುಣ್ಯ. ಹುಚ್ಚು ಹಚ್ಚಿಕೊಂಡ ಇಂಥವರು ಒಬ್ಬರಾದರೂ ಇಲ್ಲದೆ ಯಾವ ಹಳೆಯ ಕಟ್ಟಡವೂ ಉಳಿಯುವುದಿಲ್ಲ ಅಂತ ನನ್ನ ನಂಬಿಕೆ.

ಇನ್ನೊಂದು ಮಾತನ್ನು ಗೈಡ್ ಮುಚ್ಚಿಡದೆ ಹೇಳಿದರು. 1960ರ ದಶಕದ ಆರಂಭದವರೆಗೂ ಕಪ್ಪು ಜನ ಮುಂಬಾಗಿಲಿನಿಂದ ಬರುವಂತಿರಲಿಲ್ಲ. ಅವರಿಗೆ ಹೊರಗಡೆಯಿಂದಲೇ ಬೇರೆ ಮೆಟ್ಟಿಲು, ತುತ್ತತುದಿಯ ಗ್ಯಾಲರಿಯಲ್ಲಿ ಸೀಟು. ಅದೇ ಪರದೆ, ಅದೇ ನಕ್ಷತ್ರ, ದಾರಿ ಮಾತ್ರ ಬೇರೆ. ಹೊರಬಂದ ಮೇಲೆ ಅಕ್ಕ ಸುತ್ತು ಹಾಕಿ ಆ ಕಡೆಗೆ ಕರೆದುಕೊಂಡು ಹೋದಳು. ಒಳಗಿನ ಅಮೃತಶಿಲೆ, ಹಿತ್ತಾಳೆ ನೋಡಿ ಬಂದ ಕಣ್ಣಿಗೆ ಈ ಮೆಟ್ಟಿಲು ನೋಡಿದರೆ ಸಾಕು, ಯಾರೂ ವಿವರಿಸಬೇಕಿಲ್ಲ. ಚಪ್ಪರ ಉಳಿಸಿದ್ದಕ್ಕಿಂತ ಈ ಕಥೆಯನ್ನು ಹೇಳುತ್ತಿರುವುದೇ ನನಗೆ ದೊಡ್ಡದಾಗಿ ಕಂಡಿತು.

ಈಗ ಇಲ್ಲಿ ಹೆಚ್ಚಾಗಿ ಸಂಗೀತ ನಾಟಕ, ಕಛೇರಿ. ಬೇಸಿಗೆಯಲ್ಲಿ ಸಿನಿಮಾ ಹಾಕುವುದೂ ಉಂಟು. ವಾಪಸ್ ಬರುವಾಗ ಕಾರಿನಲ್ಲೇ ಅಕ್ಕ ಮೊಬೈಲ್ ತೆಗೆದು ಯಾವ ಶೋ ಇದೆ ಅಂತ ಹುಡುಕತೊಡಗಿದಳು. ಕೆಳಗಡೆ ಸೀಟು ತಗೋತೀನಿ, ಅಷ್ಟೊಂದು ಮೆಟ್ಟಿಲು ನನ್ನ ಮಂಡಿಗೆ ಆಗಲ್ಲ ಅಂದಳು. ಭಾವ ಒಪ್ಪಲಿಲ್ಲ. ಅವರಿಗೆ ಮೇಲಿನ ಸೀಟೇ ಬೇಕಂತೆ, ಚಪ್ಪರದ ಸರಳು ಎಲ್ಲಿ ಹಿಡಿದಿದೆ ಅಂತ ಹತ್ತಿರದಿಂದ ನೋಡಬೇಕಂತೆ. ಶೋ ಯಾವುದು ಅಂತ ಮಾತ್ರ ಇಬ್ಬರೂ ಇನ್ನೂ ತೀರ್ಮಾನ ಮಾಡಿಲ್ಲ.