ಚೇಳು ಮೀನನ್ನು ದಡಕ್ಕೆ ಎಸೆಯುವ ಮುನ್ನ

ಕೆರೆಗೆ ಬಲೆ ಹಾಕಿದ ದಿನ ಕಾಟ್ಲಾ, ರೋಹು ತಕ್ಕಡಿಗೆ ಹೋಗುತ್ತವೆ, ಚೇಳು ಮೀನನ್ನು ಕಡ್ಡಿಯಲ್ಲಿ ದಡಕ್ಕೆ ತಳ್ಳುತ್ತಾರೆ. ಕಾಟ್ಲಾ, ರೋಹು ಗಂಗೆಯ ಕಡೆಯ ಮೀನುಗಳು, ಇಲ್ಲಿಗೆ ಮರಿ ತಂದು ಬಿಟ್ಟದ್ದು. ಚೇಳು ಮೀನಾದರೋ ನಮ್ಮ ಕೆಸರಿನಲ್ಲೇ ಹುಟ್ಟಿ ಬೆಳೆದದ್ದು. ಇದೇ ಮೀನನ್ನು ಬಂಗಾಳದಲ್ಲಿ ‘ಶಿಂಗಿ’ ಎಂದು ಕರೆದು, ಜೀವಂತ ಇದ್ದರೆ ಮಾತ್ರ ಕೊಳ್ಳುತ್ತಾರೆ. ಜ್ವರದಿಂದ ಎದ್ದವರಿಗೆ ಹಸಿ ಬಾಳೆಕಾಯಿ, ಪರಂಗಿಕಾಯಿ ಹಾಕಿ ತೆಳ್ಳಗೆ ಸಾರು ಮಾಡಿ ಬಡಿಸುತ್ತಾರೆ. ನಮ್ಮವರು ದೂರ ಇಡುವುದಕ್ಕೆ ಕಾರಣ ಎರಡು: ಮುಳ್ಳು ಮತ್ತು ಕೆಸರು ವಾಸನೆ. ಎರಡಕ್ಕೂ ದಾರಿ ಇದೆ.

ಮೊದಲು ಗುರುತು. ಮೈಯಲ್ಲಿ ಹುರುಪೆ ಇಲ್ಲ, ಬಣ್ಣ ಕಪ್ಪು ಅಥವಾ ಕೆಂಗಂದು, ತಲೆ ಚಪ್ಪಟೆ, ಬಾಯಿ ಸುತ್ತ ನಾಲ್ಕು ಜೊತೆ ಮೀಸೆ. ಬೆನ್ನ ಮೇಲಿನ ರೆಕ್ಕೆ ಚಿಕ್ಕದು, ಮುಂದೆಯೇ ಮುಗಿದುಬಿಡುತ್ತದೆ. ನೋಡಲು ಇದರಂತೆಯೇ ಇರುವ ಆಫ್ರಿಕನ್ ಕ್ಯಾಟ್‌ಫಿಶ್‌ಗೆ ಆ ರೆಕ್ಕೆ ಬಾಲದ ತನಕ ಓಡುತ್ತದೆ. ಇದೊಂದನ್ನು ನೋಡಿದರೆ ಸಾಕು, ಮೋಸ ಹೋಗುವುದಿಲ್ಲ. ಆಫ್ರಿಕನ್ ಮೀನಿನ ಸಾಕಣೆಗೆ ದೇಶದಲ್ಲಿ ನಿಷೇಧವಿದೆ. ಅದು ಗಾಳಕ್ಕೆ ಬಿದ್ದರೆ ಮತ್ತೆ ನೀರಿಗೆ ಬಿಡಬೇಡಿ.

ಗಾಳ ಹಾಕುವ ಮುನ್ನ ಕೆರೆ ಯಾರ ಗುತ್ತಿಗೆಯಲ್ಲಿದೆ ಎಂದು ಕೇಳಿಕೊಳ್ಳಿ. ಚೇಳು ಮೀನು ಹಿಡಿಯುತ್ತೇವೆ ಎಂದರೆ ಬೇಡ ಎನ್ನುವವರು ಕಡಿಮೆ. ಹಗಲಲ್ಲಿ ಕೂತರೆ ಪಕ್ಕೆ ಮೀನು, ಏಡಿ ಎರೆಹುಳುವನ್ನು ಕಚ್ಚಿ ಕಚ್ಚಿ ಮುಗಿಸುತ್ತವೆ. ಇದು ಇರುಳಿನ ಮೀನು. ಹೊತ್ತು ಮುಳುಗಿದ ಮೇಲಿನ ಎರಡು ಮೂರು ಗಂಟೆ ಒಳ್ಳೆಯ ಸಮಯ, ಮಳೆ ಬಂದು ನೀರು ಕದಡಿದ್ದರೆ ಇನ್ನೂ ಒಳ್ಳೆಯದು. ತೂಬಿನ ಬಳಿ, ಜೊಂಡಿನ ಅಂಚಿನಲ್ಲಿ, ಕೆಸರು ತಳವಿರುವ ಎರಡರಿಂದ ನಾಲ್ಕು ಅಡಿ ನೀರು ಹುಡುಕಿ. ತಂಗೂಸಿ ದಾರ 0.25 ಮಿ.ಮೀ., ಕೊಕ್ಕೆ 8ನೇ ನಂಬರಿನದು ಸಾಕು, ಯಾಕೆಂದರೆ ಇದರ ಬಾಯಿ ಚಿಕ್ಕದು. ಎರೆಹುಳು ತಳದ ಮೇಲೆ ಮಲಗಿರಬೇಕು. ನೀರಿನ ಆಳಕ್ಕಿಂತ ಎರಡು ಇಂಚು ಹೆಚ್ಚಿಗೆ ಬಿಟ್ಟು ಬೆಂಡು ಕಟ್ಟಿ. ಹುಳುವಿನ ಬಾಲ ಅರ್ಧ ಇಂಚು ಜೋತಾಡಲಿ, ಅದಕ್ಕಿಂತ ಉದ್ದ ಬಿಟ್ಟರೆ ಅಷ್ಟನ್ನೇ ಕತ್ತರಿಸಿಕೊಂಡು ಹೋಗುತ್ತದೆ. ಬೆಂಡು ಕುಣಿದ ಕೂಡಲೇ ಎಳೆದರೆ ಸಿಗುವುದು ಬರೀ ಕೊಕ್ಕೆ. ಅದು ಪಕ್ಕಕ್ಕೆ ಸರಿದು ಮುಳುಗುವ ತನಕ ಕೈ ಕಟ್ಟಿ ಕೂರಬೇಕು.

ಅಪಾಯ ಇರುವುದು ಇನ್ನು ಮುಂದೆ. ಎದೆಯ ಎರಡು ರೆಕ್ಕೆಗಳ ಮುಂದಿನ ಮುಳ್ಳಿನಲ್ಲಿ ವಿಷವಿದೆ. ಹೆದರಿದಾಗ ಅವನ್ನು ಅಗಲಿಸಿ ಬಿಗಿ ಮಾಡಿಕೊಳ್ಳುತ್ತದೆ, ಆಮೇಲೆ ಮಡಚುವುದಿಲ್ಲ. ಮೈ ಜಾರುವುದರಿಂದ ಹಿಡಿತ ಬಿಗಿಯಾದಷ್ಟೂ ಕೈ ಮುಳ್ಳಿನ ಕಡೆಗೇ ಸರಿಯುತ್ತದೆ. ಒದ್ದೆ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಮೀನನ್ನು ನೆಲಕ್ಕೆ ಅದುಮಿ, ಇಕ್ಕಳದಿಂದ ಕೊಕ್ಕೆ ಬಿಡಿಸಿ. ನುಂಗಿದ್ದರೆ ಒಳಗೆ ಕೆದಕಬೇಡಿ, ದಾರ ಕತ್ತರಿಸಿ. ಸತ್ತ ಮೀನಿನ ಮುಳ್ಳೂ ಚುಚ್ಚುತ್ತದೆ, ನೆನಪಿರಲಿ.

ಚುಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಗಾಯ ತೊಳೆದು, ತಡೆಯುವಷ್ಟು ಬಿಸಿ ನೀರಿನಲ್ಲಿ, ಸುಮಾರು 45 ಡಿಗ್ರಿ ಇರಲಿ, ಅರ್ಧದಿಂದ ಒಂದೂವರೆ ಗಂಟೆ ಮುಳುಗಿಸಿಡಿ. ಬಿಸಿಗೆ ಈ ವಿಷದ ಶಕ್ತಿ ಕುಂದಿ ನೋವು ಇಳಿಯುತ್ತದೆ. ನೀರಿನ ಬಿಸಿಯನ್ನು ಚುಚ್ಚದ ಕೈಯಿಂದಲೇ ನೋಡಿ. ನೋವಿನ ಕೈಗೆ ಸುಡುವುದು ತಿಳಿಯುವುದಿಲ್ಲ. ಟಿಟಿ ಇಂಜೆಕ್ಷನ್ ತಪ್ಪಿಸಬೇಡಿ. ಮುಳ್ಳಿನ ತುಂಡು ಒಳಗೆ ಉಳಿದರೆ, ಊತ ಹೆಚ್ಚಿದರೆ ಅಥವಾ ಉಸಿರು ಕಟ್ಟಿದಂತಾದರೆ ನೇರ ಆಸ್ಪತ್ರೆಗೆ.

ಇದನ್ನು ಮನೆ ತನಕ ಜೀವಂತ ತರುವುದು ಸುಲಭ, ಒಂದು ತಪ್ಪು ಮಾಡದಿದ್ದರೆ. ಕಿವಿರಿನ ಹಿಂದೆ ಮೈಯುದ್ದಕ್ಕೂ ಹೋಗುವ ಎರಡು ಗಾಳಿ ಚೀಲ ಇದಕ್ಕಿವೆ. ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಬೇಕು. ಬಲೆಚೀಲದಲ್ಲಿ ಹಾಕಿ ಪೂರ್ತಿ ಮುಳುಗಿಸಿಟ್ಟರೆ ಮೀನು ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ಬಕೆಟ್ಟಿನಲ್ಲಿ ನಾಲ್ಕು ಬೆರಳು ನೀರು, ಮೇಲೆ ತೂತಿರುವ ಮುಚ್ಚಳ, ಮುಚ್ಚಳದ ಮೇಲೊಂದು ಕಲ್ಲು. ಕಲ್ಲು ಮರೆತರೆ ಬೆಳಿಗ್ಗೆ ಅಡುಗೆಮನೆ ಮೂಲೆಯಲ್ಲಿ ಹುಡುಕಬೇಕಾದೀತು. ಮಳೆಗಾಲದಲ್ಲಿ ಹೊಟ್ಟೆ ಉಬ್ಬಿದ ಹೆಣ್ಣು ಸಿಕ್ಕರೆ ಅಲ್ಲೇ ಬಿಟ್ಟುಬಿಡಿ, ಮೊಟ್ಟೆ ಇಡುವ ಕಾಲವದು.

ಎರಡು ಮೂರು ದಿನ ಶುದ್ಧ ನೀರಿನಲ್ಲಿ, ತಿನ್ನಲು ಏನೂ ಹಾಕದೆ ಇಡಿ. ದಿನಕ್ಕೊಮ್ಮೆ ನೀರು ಬದಲಿಸಿ. ನಲ್ಲಿ ನೀರಾದರೆ ಹಿಂದಿನ ರಾತ್ರಿಯೇ ಹಿಡಿದಿಟ್ಟದ್ದು. ಕೆಸರು ವಾಸನೆ ಬಹುಪಾಲು ಇಲ್ಲೇ ಹೋಗುತ್ತದೆ. ಉಳಿದದ್ದಕ್ಕೆ ಹುಣಸೆ ಇದೆ: ಆ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಹುಳಿಗೆ ಒಡೆಯುತ್ತದೆ.

ಕೊಲ್ಲುವ ಮುನ್ನ ಐಸ್ ನೀರಿನಲ್ಲಿಟ್ಟು ಮರಗಟ್ಟಿಸಿ, ತಲೆಗೆ ಒಂದೇ ಪೆಟ್ಟು. ಜೀವ ಇರುವಾಗಲೇ ಉಪ್ಪು, ಬೂದಿ ಸುರಿದು ಒದ್ದಾಡಿಸುವುದು ಬೇಡ. ಮೊದಲು ಇಕ್ಕಳದಲ್ಲಿ ಎರಡೂ ಮುಳ್ಳನ್ನು ಬುಡಕ್ಕೆ ಮುರಿದು ಕಾಗದದಲ್ಲಿ ಸುತ್ತಿ ಎಸೆಯಿರಿ. ಬಿಸಿ ನೀರಿನಲ್ಲಿ ಐದು ಸೆಕೆಂಡು ಅದ್ದಿದರೆ ಲೋಳೆ ಬೆಳ್ಳಗಾಗುತ್ತದೆ. ಬೂದಿ ಅಥವಾ ಕಲ್ಲುಪ್ಪು ಹಚ್ಚಿ ಉಜ್ಜಿ. ಬಿಸಿ ನೀರಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಚರ್ಮವೇ ಕಿತ್ತು ಬರುತ್ತದೆ. ಹೊಟ್ಟೆ ಸೀಳುವಾಗ ಪಿತ್ತದ ಚೀಲ ಒಡೆಯದಿರಲಿ, ಒಡೆದರೆ ಸಾರೆಲ್ಲ ಕಹಿ.

ಅರ್ಧ ಕೆ.ಜಿ. ಮೀನಿಗೆ ನಿಂಬೆ ಗಾತ್ರದ ಹುಣಸೆ, ಎಂಟು ಒಣಮೆಣಸಿನಕಾಯಿ, ಎರಡು ಚಮಚ ಕೊತ್ತಂಬರಿ ಬೀಜ, ಕಾಲು ಚಮಚ ಮೆಂತ್ಯ, ಒಂದು ಗಡ್ಡೆ ಬೆಳ್ಳುಳ್ಳಿ. ಖಾರ ರುಬ್ಬಿ, ಹುಳಿ ಜೊತೆ ಹಸಿ ವಾಸನೆ ಹೋಗುವಷ್ಟು ಕುದಿಸಿದ ಮೇಲೆ ಮೀನು ಹಾಕಿ. ಎಂಟು ನಿಮಿಷ ಸಾಕು. ಸೌಟು ಆಡಿಸಿದರೆ ಮೆತ್ತಗಿನ ಮಾಂಸ ಪುಡಿಯಾಗುತ್ತದೆ, ಪಾತ್ರೆಯನ್ನೇ ಹಿಡಿದು ಅಲ್ಲಾಡಿಸಿ. ನಡುವಿನ ಮೂಳೆ ಒಂದೇ ಎಳೆಗೆ ಈಚೆ ಬರುವುದರಿಂದ ಕಾಟ್ಲಾದ ಸಣ್ಣ ಮುಳ್ಳು ಆರಿಸಿ ಸುಸ್ತಾದವರಿಗೆ ಇದು ಹಿಡಿಸುತ್ತದೆ. ಮುದ್ದೆ ಜೊತೆ ಉಂಡು ಸಾರು ಉಳಿದರೆ ಮರುದಿನ ಕುದಿಸಬೇಡಿ, ಸಣ್ಣ ಉರಿಯಲ್ಲಿ ಬಿಸಿ ಮಾಡಿ.