21 ಮೀಟರಿನಲ್ಲಿ ಬಾಯಿಗೆ ಹೋಗುವ ಗ್ಯಾಸ್ ಯಾವುದು?

ಟೆಕ್ನಿಕಲ್ ಡೈವಿಂಗ್ ಅಂದರೆ ಮೇಲೆ ಬರುವಾಗ ಅಲ್ಲಲ್ಲಿ ನಿಂತೇ ಬರಬೇಕಾದ ಆಳದ ಡೈವಿಂಗ್. ಬೆನ್ನಿಗೆ ಜೋಡಿ ಸಿಲಿಂಡರ್, ಪಕ್ಕದಲ್ಲಿ ನೇತಾಡುವ ಇನ್ನೊಂದು, ಎದೆಯ ಮೇಲೆಲ್ಲ ಹೋಸ್. ನೋಡುವವರಿಗೆ ಸರಂಜಾಮೇ ದೊಡ್ಡದಾಗಿ ಕಾಣುತ್ತದೆ. ಕಲಿಯುವವರು ತಲೆ ಕೆಡಿಸಿಕೊಳ್ಳಬೇಕಾದದ್ದು ಮಾತ್ರ ಬೇರೆ: ನಾನೀಗ ಇರುವ ಆಳದಲ್ಲಿ, ನನ್ನ ಬಾಯಲ್ಲಿರುವ ಗ್ಯಾಸ್ ಉಸಿರಾಡಬಹುದಾದದ್ದೇ?

ಒಂದು ಸಾಮಾನ್ಯ ಅಭ್ಯಾಸದ ಡೈವ್ ಇಟ್ಟುಕೊಳ್ಳೋಣ. 40 ಮೀಟರ್ ಆಳ, ಇಳಿಯುವುದೂ ಸೇರಿ 25 ನಿಮಿಷ. ಬೆನ್ನಿಗೆ 12 ಲೀಟರಿನ ಜೋಡಿ ಸಿಲಿಂಡರಿನಲ್ಲಿ 28% ನೈಟ್ರಾಕ್ಸ್, ಅಂದರೆ 28% ಆಮ್ಲಜನಕ, ಉಳಿದದ್ದು ಸಾರಜನಕ. ಎಡಪಕ್ಕಕ್ಕೆ 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ 50%. ಮೇಲೆ ಬರುವಾಗ 21 ಮೀಟರಿನಲ್ಲಿ 50%ಗೆ ಬದಲಾಯಿಸಿಕೊಳ್ಳಬೇಕು.

ಲೆಕ್ಕ ಸುಲಭ. ಆಳವನ್ನು ಹತ್ತರಿಂದ ಭಾಗಿಸಿ ಒಂದು ಕೂಡಿಸಿದರೆ ಬಾರ್ ಲೆಕ್ಕದಲ್ಲಿ ಒತ್ತಡ ಸಿಗುತ್ತದೆ. 40 ಮೀಟರಿನಲ್ಲಿ 5 ಬಾರ್. ಅದನ್ನು 0.28ರಿಂದ ಗುಣಿಸಿದರೆ ಆಮ್ಲಜನಕದ ಪಾಲು 1.4 ಬಾರ್. ತಳದಲ್ಲಿ ಈಜಾಡುವಾಗ ಇದೇ ಮೇಲ್ಮಿತಿ. ಅಮೆರಿಕದ ಸಾಗರ-ಹವಾಮಾನ ಸಂಸ್ಥೆ ನೋವಾದ (NOAA) ಕೋಷ್ಟಕದಲ್ಲಿ ಇದಕ್ಕೆ 150 ನಿಮಿಷ ಅವಕಾಶವಿದೆ, ನಮ್ಮ 25 ನಿಮಿಷ ಅದರಲ್ಲಿ 17% ತಿನ್ನುತ್ತದೆ. ಡೆಕೊ (ಡಿಕಂಪ್ರೆಷನ್) ನಿಲುಗಡೆಯಲ್ಲಿ, ಅಂದರೆ ಮೈಯಲ್ಲಿ ಸೇರಿದ ಸಾರಜನಕ ಹೊರಹೋಗಲೆಂದು ಮೇಲೆ ಬರುವಾಗ ನಿಲ್ಲುವಲ್ಲಿ, ಮೈಯಿಗೆ ಶ್ರಮವಿಲ್ಲದ್ದರಿಂದ 1.6ರವರೆಗೆ ಹೋಗಬಹುದು, ಆದರೆ ಸಮಯ 45 ನಿಮಿಷಕ್ಕೆ ಇಳಿಯುತ್ತದೆ. 50% ಗ್ಯಾಸ್ 21 ಮೀಟರಿನಲ್ಲಿ 1.55. ಅದೇ ಗ್ಯಾಸನ್ನು ಕೈತಪ್ಪಿ 40 ಮೀಟರಿನಲ್ಲಿ ಬಾಯಿಗಿಟ್ಟರೆ 2.5. ಅಲ್ಲಿ ಫಿಟ್ಸ್ ಬರುವ ಅಪಾಯ ದೊಡ್ಡದು. ಎಷ್ಟೋ ಸಲ ಯಾವ ಮುನ್ಸೂಚನೆಯೂ ಇರುವುದಿಲ್ಲ. ಫಿಟ್ಸ್ ಒಂದೇ ಪ್ರಾಣ ತೆಗೆಯುವುದು ಅಪರೂಪ. ಆ ಹೊತ್ತಿನಲ್ಲಿ ಬಾಯಿಂದ ಕಳಚಿ ಬೀಳುವ ರೆಗ್ಯುಲೇಟರ್ (ಸಿಲಿಂಡರಿನ ಗ್ಯಾಸನ್ನು ಬಾಯಿಗೆ ಕೊಡುವ ಸಾಧನ) ತೆಗೆಯುತ್ತದೆ.

ಇಷ್ಟೊಂದು ಅಪಾಯವಿದ್ದರೂ 50% ಏಕೆ ಬೇಕು? 6 ಮೀಟರ್ ನಿಲುಗಡೆಯಲ್ಲಿ 28% ಉಸಿರಾಡಿದರೆ ಒಳಗೆ ಹೋಗುವ ಸಾರಜನಕದ ಒತ್ತಡ 1.15 ಬಾರ್, 50%ರಲ್ಲಿ 0.8. ಮೈಯಿಂದ ಸಾರಜನಕ ಹೊರಬರುವ ವೇಗ, ಮೈಯೊಳಗಿನ ಸಾರಜನಕದ ಒತ್ತಡಕ್ಕೂ ಈ ಒತ್ತಡಕ್ಕೂ ಇರುವ ವ್ಯತ್ಯಾಸದ ಮೇಲೇ ನಿಂತಿದೆ. ನಿಲುಗಡೆಗಳ ಸಮಯವನ್ನು ಹೆಚ್ಚಿನ ಡೈವ್ ಕಂಪ್ಯೂಟರ್‌ಗಳು ಬ್ಯೂಲ್ಮನ್ ಎಂಬ ಗಣಿತದ ಮಾದರಿಯ 16 ಕಾಲ್ಪನಿಕ ಅಂಗಾಂಶಗಳ ಮೇಲೆ ಲೆಕ್ಕ ಹಾಕುತ್ತವೆ. ಆ ಮಾದರಿಯ ಮಿತಿಗೆ ಶೇಕಡಾ ಎಷ್ಟು ಹತ್ತಿರ ಹೋಗಬಹುದು ಎಂದು ಹೇಳುವ, ಗ್ರೇಡಿಯಂಟ್ ಫ್ಯಾಕ್ಟರ್ ಎಂಬ ಎರಡು ಅಂಕಿಗಳನ್ನು ನಾವು ಕೊಡಬೇಕು. ಮೊದಲನೆಯದು ಸಣ್ಣದಾದಷ್ಟೂ ಮೊದಲ ನಿಲುಗಡೆ ಆಳಕ್ಕೆ ಹೋಗುತ್ತದೆ. ಆಳದಲ್ಲಿ ನಿಂತರೆ ಒಳ್ಳೆಯದು ಅನ್ನುವ ನಂಬಿಕೆ ಬಹಳ ಕಾಲ ಇತ್ತು. ಅಮೆರಿಕದ ನೌಕಾಪಡೆಯ ಪ್ರಾಯೋಗಿಕ ಡೈವಿಂಗ್ ಘಟಕ 2011ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಆಳದ ನಿಲುಗಡೆಗಳ ಪಟ್ಟಿ ಅನುಸರಿಸಿದ 198 ಡೈವ್‌ಗಳಲ್ಲಿ 11 ಮಂದಿಗೆ ಡಿಕಂಪ್ರೆಷನ್ ಕಾಯಿಲೆ (ಮೈಯೊಳಗಿನ ಸಾರಜನಕ ಗುಳ್ಳೆಗಟ್ಟಿ ಬರುವ ಕಾಯಿಲೆ) ಬಂತು. ಅಷ್ಟೇ ಒಟ್ಟು ಸಮಯವನ್ನು ಮೇಲಿನ ನಿಲುಗಡೆಗಳಲ್ಲಿ ಕಳೆದ 192ರಲ್ಲಿ ಮೂವರಿಗೆ. ಆಳದಲ್ಲಿ ನಿಂತಷ್ಟು ಹೊತ್ತೂ ನಿಧಾನದ ಅಂಗಾಂಶಗಳು ಇನ್ನೂ ಸಾರಜನಕ ಹೀರುತ್ತಲೇ ಇರುತ್ತವೆ. ಹಳೆಯ ಬರಹಗಳಲ್ಲಿ ಮೊದಲ ಅಂಕಿ 20 ಅಂತಲೋ 10 ಅಂತಲೋ ಇದ್ದರೆ ಹಾಗೇ ಎತ್ತಿಕೊಳ್ಳಬೇಡಿ.

ಇನ್ನು ಗ್ಯಾಸ್ ತುಂಬುವುದು. 200 ಬಾರ್‌ನ 50% ಬೇಕಾದರೆ ಖಾಲಿ ಸಿಲಿಂಡರಿಗೆ ಮೊದಲು ಸುಮಾರು 74 ಬಾರ್ ಶುದ್ಧ ಆಮ್ಲಜನಕ, ಮೇಲಿಂದ 200ರವರೆಗೆ ಗಾಳಿ. ಆಮ್ಲಜನಕವನ್ನು ನಿಧಾನವಾಗಿಯೇ ಬಿಡಬೇಕು. ವಾಲ್ವನ್ನು ಥಟ್ಟನೆ ತೆರೆದರೆ ಗ್ಯಾಸ್ ಒಮ್ಮೆಲೇ ಒತ್ತಿಕೊಂಡು ಬಿಸಿಯಾಗುತ್ತದೆ. ಒಳಗೆ ಎಣ್ಣೆಯ ಅಂಶವೋ ಸಾಧಾರಣ ಸಿಲಿಕೋನ್ ಗ್ರೀಸೋ ಇದ್ದರೆ ಬೆಂಕಿ ಹತ್ತಬಹುದು. ಅದಕ್ಕೇ 50%ರ ಸಿಲಿಂಡರ್, ವಾಲ್ವ್, ರೆಗ್ಯುಲೇಟರ್ ಎಲ್ಲವೂ ಆಮ್ಲಜನಕಕ್ಕೆಂದೇ ಶುಚಿ ಮಾಡಿದವು ಆಗಿರಬೇಕು, ಮೇಲಿಂದ ತುಂಬುವ ಗಾಳಿಯೂ ಎಣ್ಣೆಯಿಲ್ಲದೆ ಸೋಸಿದ್ದಾಗಿರಬೇಕು. ಲೆಕ್ಕ ತಪ್ಪುವುದು ಹೆಚ್ಚಾಗಿ ಬಿಸಿಯಿಂದ: ತುಂಬುವಾಗ 74 ತೋರಿಸಿದ್ದು ತಣ್ಣಗಾದ ಮೇಲೆ ಇಳಿದಿರುತ್ತದೆ, ಅದನ್ನು ಗಮನಿಸದೆ ಗಾಳಿ ತುಂಬಿದರೆ ಮಿಶ್ರಣ 50ಕ್ಕಿಂತ ತೆಳುವಾಗುತ್ತದೆ.

ತುಂಬಿದವರು ಯಾರೇ ಆಗಿರಲಿ, ಅಳೆಯುವವರು ಉಸಿರಾಡುವವರೇ. ಇದರಲ್ಲಿ ಸ್ನೇಹ, ದಾಕ್ಷಿಣ್ಯ ಏನೂ ಇಲ್ಲ. ಆಮ್ಲಜನಕ ಅಳೆಯುವ ಅನಲೈಜರಿನ ಸೆನ್ಸರನ್ನು ಗಾಳಿಯಲ್ಲಿ 20.9ಕ್ಕೆ ಹೊಂದಿಸಿ ಎಂದು ಕೈಪಿಡಿ ಹೇಳುತ್ತದೆ. ಮುರುಡೇಶ್ವರದಂಥ ಕರಾವಳಿಯಲ್ಲಿ, 30 ಡಿಗ್ರಿ ಸೆಖೆ, 80% ತೇವಾಂಶ ಇರುವ ದಿನ ಸುತ್ತಲ ಗಾಳಿಯಲ್ಲಿ ನೀರಾವಿ ಜಾಗ ಹಿಡಿದಿರುತ್ತದೆ. ಆಮ್ಲಜನಕ ನಿಜವಾಗಿ 20.2ರ ಆಸುಪಾಸು. ಅದನ್ನೇ 20.9 ಅಂದುಕೊಂಡು ಹೊಂದಿಸಿದರೆ ಸಿಲಿಂಡರಿನ ಒಣ ಗ್ಯಾಸ್ 50 ಇದ್ದದ್ದು 51.6 ಅಂತ ಕಾಣುತ್ತದೆ. ಆಳದ ಮಿತಿಗೆ ಇದರಿಂದ ಅಪಾಯವಿಲ್ಲ, ಆದರೆ ಡೆಕೊ ಲೆಕ್ಕದಲ್ಲಿ ಇಲ್ಲದ ಆಮ್ಲಜನಕಕ್ಕೆ ಮನ್ನಣೆ ಕೊಟ್ಟಂತಾಯಿತು. ಸಾದಾ ಗಾಳಿ ತುಂಬಿದ ಸಿಲಿಂಡರಿನಿಂದ ಹೊಂದಿಸಿದರೆ ಈ ತಕರಾರು ತೀರುತ್ತದೆ. ಇದಕ್ಕಿಂತ ಕೆಟ್ಟದ್ದು ಹಳೆಯ ಸೆನ್ಸರ್. ಅದು ಗಾಳಿಯಲ್ಲಿ ಸರಿಯಾಗಿಯೇ ತೋರಿಸುತ್ತದೆ, ಆಮ್ಲಜನಕ ಹೆಚ್ಚಿದಂತೆ ಮೇಲೇರದೆ ಸುಸ್ತಾಗುತ್ತದೆ. 60% ಇರುವ ಗ್ಯಾಸ್ 50 ಅಂತ ಕಂಡರೆ 21 ಮೀಟರಿನಲ್ಲಿ 1.86 ಉಸಿರಾಡುತ್ತಿದ್ದೀರಿ. ಶುದ್ಧ ಆಮ್ಲಜನಕದಲ್ಲೂ ಒಮ್ಮೆ ಪರೀಕ್ಷಿಸಿ; ನೂರರ ಹತ್ತಿರ ಬರದ ಸೆನ್ಸರನ್ನು ಎಸೆಯಿರಿ.

ಅಳೆದ ಕೂಡಲೇ ಪಟ್ಟಿ ಅಂಟಿಸಬೇಕು, ಚಹಾ ಕುಡಿದು ಬಂದ ಮೇಲೆ ಅಲ್ಲ. ಶೇಕಡಾ, ತಾರೀಖು, ಅಳೆದವರ ಸಹಿ ಸಣ್ಣಕ್ಷರದಲ್ಲಿದ್ದರೂ ನಡೆಯುತ್ತದೆ. ಆಳದ ಮಿತಿ 21 ಮಾತ್ರ ಅಂಗೈಯಗಲದ ಅಂಕಿಯಲ್ಲಿ, ಸಿಲಿಂಡರ್ ಪಕ್ಕಕ್ಕೆ ಮಲಗಿದಾಗ ಜೊತೆಗಾರನಿಗೆ ಓದಲು ಬರುವಂತೆ. ಅದನ್ನು ಓದಬೇಕಾದವರಲ್ಲಿ ಅವನೂ ಒಬ್ಬ.

ನೀರಿನಲ್ಲಿ ಬದಲಾವಣೆ ಹೀಗೆ. 21 ಮೀಟರಿಗೆ ಬಂದು ಅಲುಗಾಡದೆ ನಿಲ್ಲಿ. ಕಂಪ್ಯೂಟರಿನ ಆಳ ನೋಡಿ, ಸಿಲಿಂಡರಿನ ಅಂಕಿ ನೋಡಿ, ಎರಡನ್ನೂ ಜೊತೆಗಾರನಿಗೆ ತೋರಿಸಿ. ರಬ್ಬರಿನಡಿ ಸಿಕ್ಕಿಸಿದ ಹೋಸ್ ಬಿಡಿಸಿ, ವಾಲ್ವ್ ತೆರೆಯಿರಿ. ಆಮೇಲಿನ ಹೆಜ್ಜೆಯನ್ನೇ ಜನ ನುಂಗಿಹಾಕುವುದು: ಕೈಯಲ್ಲಿರುವ ಮೌತ್‌ಪೀಸಿನಿಂದ ಹೋಸ್ ಗುಂಟ ಬೆರಳಾಡಿಸಿಕೊಂಡು ಅದೇ ಸಿಲಿಂಡರಿನ ವಾಲ್ವಿನ ತನಕ ಹೋಗಬೇಕು. ಎರಡು ಸಿಲಿಂಡರ್ ಪಕ್ಕದಲ್ಲಿದ್ದಾಗ ಇದರ ಬೆಲೆ ಗೊತ್ತಾಗುತ್ತದೆ. ಜೊತೆಗಾರ ಸರಿ ಅಂದ ಮೇಲೆ ಬಾಯಲ್ಲಿರುವ ಮೌತ್‌ಪೀಸ್ ಬದಲಿಸಿ, ಉಸಿರು ಸರಾಗವೇ ನೋಡಿ, ಆಮೇಲೆ ಕಂಪ್ಯೂಟರಿನಲ್ಲಿ ಗ್ಯಾಸ್ ಬದಲಿಸಿ. ಈಗ ಪಾಳಿ ಜೊತೆಗಾರನದು. ಅವನದು ಮುಗಿಯುವ ತನಕ ನೀವು ಅವನನ್ನೇ ನೋಡುತ್ತಿರಬೇಕು. ಇಬ್ಬರೂ ಒಟ್ಟಿಗೆ ಬದಲಿಸಿಕೊಂಡರೆ ನೋಡುವವರೇ ಇಲ್ಲ. ಈ ಗಡಿಬಿಡಿಯಲ್ಲಿ 18ಕ್ಕೆ ತೇಲಿ ಹೋಗುವುದು, 24ಕ್ಕೆ ಇಳಿಯುವುದು ಹೊಸಬರಲ್ಲಿ ಮಾಮೂಲು. ಮೊದಲು 6 ಮೀಟರಿನಲ್ಲಿ ಮತ್ತೆ ಮತ್ತೆ ಮಾಡಿ ಕೈ ಕುದುರಿದ ಮೇಲೆ ಆಳಕ್ಕೆ ಹೋಗುವುದು ಮೇಲು.

ಗ್ಯಾಸಿನ ಪ್ರಮಾಣ. ನಿಮಿಷಕ್ಕೆ 20 ಲೀಟರ್ ಬಳಸುವವರು 40 ಮೀಟರಿನಲ್ಲಿ 100 ಲೀಟರ್ ಬಳಸುತ್ತಾರೆ, 25 ನಿಮಿಷಕ್ಕೆ 2500. ಜೋಡಿ ಸಿಲಿಂಡರಿನಲ್ಲಿ 200 ಬಾರ್ ಇದ್ದರೆ 4800 ಲೀಟರ್. ಧಾರಾಳವಾಯಿತಲ್ಲ ಅನಿಸಬಹುದು. ಆದರೆ ಕೊನೆಯ ನಿಮಿಷದಲ್ಲಿ ಜೊತೆಗಾರನ ಗ್ಯಾಸ್ ಪೂರಾ ಹೋದರೆ, ಗಾಬರಿಯ ಉಸಿರಿಗೆ ತಲಾ 30 ಲೀಟರಿನಂತೆ ಇಬ್ಬರಿಗೆ ತಳದಲ್ಲಿ ಎರಡು ನಿಮಿಷ, 21ರವರೆಗೆ ಏರುವುದು, ಅಲ್ಲಿ ಬದಲಿಸಲು ಒಂದು ನಿಮಿಷ, ಸೇರಿ ಸುಮಾರು 1300 ಲೀಟರ್. ಅಂದರೆ 55 ಬಾರ್. 60 ಅಂತ ಇಟ್ಟುಕೊಳ್ಳಿ. ಒತ್ತಡಮಾಪಕದ ಮುಳ್ಳು ಆ ಗೆರೆ ಮುಟ್ಟಿದರೆ ಸಮಯ ಉಳಿದಿದ್ದರೂ ಹೊರಡಬೇಕು.

ತೂಕವನ್ನೂ ಇದೇ ಕಣ್ಣಿನಿಂದ ನೋಡಬೇಕು. 3600 ಲೀಟರ್ ಖರ್ಚಾದರೆ ಸುಮಾರು ನಾಲ್ಕೂವರೆ ಕಿಲೋ ಹಗುರಾಗುತ್ತೀರಿ, ಖಾಲಿಯಾದ ಅಲ್ಯೂಮಿನಿಯಂ ಸಿಲಿಂಡರ್ ಬೇರೆ ಮೇಲಕ್ಕೆಳೆಯುತ್ತದೆ. ಎಲ್ಲ ಸಿಲಿಂಡರ್ ಬಹುತೇಕ ಖಾಲಿ ಇರುವಾಗ 3 ಮೀಟರಿನಲ್ಲಿ ನಿಲ್ಲಲಾಗದಿದ್ದರೆ ಮುಳುಗಲು ಕಟ್ಟಿಕೊಂಡ ಸೀಸ ಕಡಿಮೆಯಿದೆ.

40 ಮೀಟರಿನ ಬಗ್ಗೆ ಒಂದು ಖಾರದ ಮಾತು. ಆಳದಲ್ಲಿ ಸಾರಜನಕ ತಲೆಗೇರಿಸುವ ಅಮಲನ್ನು ನೈಟ್ರಾಕ್ಸ್ ಇಳಿಸುತ್ತದೆ ಎಂದು ನೆಚ್ಚಿಕೊಳ್ಳಲಾಗದು, ಗ್ಯಾಸನ್ನು ತೆಳುವಂತೂ ಮಾಡುವುದಿಲ್ಲ. 28% ಗ್ಯಾಸಿನ ಸಾಂದ್ರತೆ ಆ ಆಳದಲ್ಲಿ ಲೀಟರಿಗೆ 6.5 ಗ್ರಾಂ. ಈಗಿನ ಸಲಹೆ 5.2ರೊಳಗೆ ಇರಿ, 6.2 ಮೀರಬೇಡಿ ಎಂದು. ದಪ್ಪ ಗ್ಯಾಸನ್ನು ಎಳೆಯುವ ಶ್ರಮಕ್ಕೆ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿಯುತ್ತದೆ, ಅದು ಅಮಲನ್ನೂ ಫಿಟ್ಸ್ ಅಪಾಯವನ್ನೂ ಹೆಚ್ಚಿಸುತ್ತದೆ. ಗ್ಯಾಸನ್ನು ತೆಳುವಾಗಿಸಲು ಬೆರೆಸುವ ಹೀಲಿಯಂ ದುಬಾರಿ ನಿಜ. ಆದರೂ ಕಲಿಕೆಗೆ 30 ಮೀಟರ್ ಸಾಕಾಗುತ್ತದೆ. ಅಲ್ಲೂ ಬೇಕಾದಷ್ಟು ಡೆಕೊ ಕೂಡಿಸಿಕೊಳ್ಳಬಹುದು.

50%ರ ರೆಗ್ಯುಲೇಟರ್ ಕೈಕೊಟ್ಟರೆ? ಗಾಬರಿ ಬೇಡ, ಬೆನ್ನಿನ 28%ರಲ್ಲೇ ಡೆಕೊ ಮುಗಿಸಬಹುದು, ನಿಲುಗಡೆ ಉದ್ದವಾಗುತ್ತದೆ ಅಷ್ಟೆ. ಅದರ ಪಟ್ಟಿಯನ್ನು ಮೊದಲೇ ಸ್ಲೇಟಿನಲ್ಲಿ ಬರೆದುಕೊಂಡಿರಬೇಕು, ಅಷ್ಟು ಗ್ಯಾಸ್ ಇದೆಯೇ ಎಂದು ಲೆಕ್ಕ ಹಾಕಿರಬೇಕು. ಮರೆಯುವುದು ಕಂಪ್ಯೂಟರನ್ನು. 50% ಪಟ್ಟಿಯಲ್ಲಿ ಇರುವ ತನಕ ಅದು ನೀವು ಇಂದೋ ಮುಂದೋ ಬದಲಿಸಿಕೊಳ್ಳುತ್ತೀರಿ ಎಂದುಕೊಂಡೇ ಮೇಲೇರುವ ಸಮಯ ತೋರಿಸುತ್ತದೆ. ಆ ಗ್ಯಾಸನ್ನು ಪಟ್ಟಿಯಿಂದ ತೆಗೆದ ಮೇಲಷ್ಟೇ ನಿಜವಾದ ನಿಮಿಷಗಳು ಕಾಣುವುದು.